ಇಪ್ಪತ್ತನೇ ನಂಬರು

ಶಿವಶರಣಪ್ಪಗ ಕಂಬ ಹತ್ತೋದು ಬಿಟ್ಟು ಬ್ಯಾರೆ ಏನೂ ಬರಂಗಿಲ್ಲ ಅಂತ ಅವನ ಹೇಣ್ತಿ ನೀಲಾಬಾಯಿ ಲಗ್ನ ಆದ ಮರುದಿನದಿಂದ ಹೇಳ್ಕೋತ ಬಂದಾಳ. ಅದರಾಗ ಸುಳ್ಳೇನಿಲ್ಲ ನೋಡ್ರಿ. ಇಪ್ಪತ್ತೆರಡರ ವಯಸ್ಸಿಗೆ ಸೊಲ್ಲಾಪುರ ರಸ್ತೇದಾಗ ಮುರ್ತುಜಾಸಾಬರ ಟೀವಿ ಅಂಗಡಿ ಸೇರಿದಾವ, ವಿಜಯಪುರದ ಮಾಳಗಿ ಮಾಳಗಿ ಹತ್ತಿ ಆಂಟೆನಾ ತಿರುವಿದ. ಕೆಳಗಿಂದ ಮಂದಿ "ಬಂತು, ಬಂತು... ಹೋತು, ಹೋತು" ಅಂತ ಒದರೋರು, ಇವ ಮ್ಯಾಲೆ ಬಿಸಿಲಾಗ ನಿಂತು ತಿರುವಾಂವ. ಅದನ್ನ ಚಲೋ ಕಲಿತ ಅನ್ನೋದ್ರಾಗ ಕೇಬಲ್ ಬಂತು. ಮನಿಯಿಂದ ಮನಿಗಿ ಕರಿ ವೈರ್ ಎಳದ. ಅದು ಕೈಗೆ ಹತ್ತಿತು ಅನ್ನೋದ್ರಾಗ ಮಾಳಗಿ ಮ್ಯಾಲೆ ಡಿಶ್ ಛತ್ರಿ ಬಂದು ಕೇಬಲ್ ಮೂಲಿಗೆ ಬಿತ್ತು. ಆಮ್ಯಾಲೆ ಪರದೆ ಕಟ್ಟಿ ಆರು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ತೆಗೆದ. ಅಷ್ಟ್ರಾಗ ಎಲ್ಲಾರ ಕಿಸೆದಾಗೂ ಫೋನ್ ಬಂತು, ಇವನ ಪರದೆ ಹಿಂದ ಧೂಳು ಕುಂತಿತು. ಈ ಮನುಷ್ಯಾ ಒಂದು ಕೆಲಸ ಪೂರಾ ಕಲಿಯೂದಕ್ಕ, ಆ ಕೆಲಸಾನ ಲೋಕದಿಂದ ಎದ್ದು ಹೋಗೂದಕ್ಕ ಸರೀ ಆಗತಿತ್ತು.

ಈಗ ಐವತ್ನಾಕು. ಮೊಣಕಾಲು ಹೋಗ್ಯಾವ. ಸರಕಾರದ ಗುತ್ತಿಗಿ ಹಿಡಿದ ಒಂದು ಕಂಪನಿಯೊಳಗ ವೈಫೈ ಡಬ್ಬಿ ನೋಡ್ಕೊಳ್ಳೋ ಕೆಲಸ. ತಿಕೋಟಾ ಮತ್ತ ಬಬಲೇಶ್ವರ ಕಡೆ ಹಳ್ಳ್ಯಾಗೆಲ್ಲ ಕಂಬದ ಮ್ಯಾಲೆ ಬಿಳಿ ಡಬ್ಬಿ ಕೂಡ್ಸ್ಯಾರಲ್ಲ, ಬಡವರಿಗೆ ಪುಕ್ಕಟೆ ಇಂಟರ್ನೆಟ್ ಅಂತ, ಅವನ್ನ ನೋಡಾಂವ ಇವನ. ಕಂಪನಿಯವ್ರು ಕೊಳ್ಳಾಗ ಹಾಕೊಳ್ಳಾಕ ಒಂದು ಫೋಟೋ ಕಾರ್ಡ್ ಕೊಟ್ಟಾರ, ಒಂದು ಏಣಿ ಕೊಟ್ಟಾರ. ಮೊಣಕಾಲು ಕೊಟ್ಟಿಲ್ಲ. ಆಡು ವೈರ್ ಕಡೀತು, ಡಬ್ಬ್ಯಾಗ ಕಣಜದ ಹುಳ ಗೂಡು ಕಟ್ಟೇತಿ, ಅಮಾಸಿ ದಿನ ಯಾರೋ ಡಬ್ಬಿಗಿ ನೀರು ಚಿಮುಕಿಸಿ ಪೂಜಿ ಮಾಡಿ ಸುಟ್ಟುಬಿಟ್ಟಾರ, ಹಿಂಗ ದಿನಾ ಒಂದು ಕರೆ. ದಿನಾ ಬೈಕಿನ ಮ್ಯಾಲೆ ಏಣಿ ಕಟ್ಟೋದು, ಹೋಗೋದು, ಹತ್ತೋದು, ಇಳಿಯೋದು.

ಜನವರಿ ಇಪ್ಪತ್ತೊಂಬತ್ತಕ್ಕ ಆಫೀಸಿನಿಂದ ಕೈನಾತ ಫೋನ್ ಮಾಡಿದ್ಳು. ಯಾವ ಡಬ್ಬಿ ನಡದೈತಿ, ಯಾವುದು ನಿಂತೈತಿ ಅಂತ ಕಂಪ್ಯೂಟರ್ ಮುಂದ ಕುಂತು ನೋಡೋ ಹುಡುಗಿ. ಒಳ್ಳೆಯಾಕಿ, ಆದ್ರ ಆಕಿ ಫೋನ್ ಬಂತಂದ್ರ ಶಿವಶರಣಪ್ಪ ಮೊದಲು ಏಣಿ ಕಡೆ ನೋಡಾಂವ.

"ಕಾಕಾ, ಬಿಜ್ಜರಗಿ ಕುರಿಗಾರರ ವಸ್ತಿ ಡಬ್ಬಿ ಇಳಸಬೇಕಂತ ಮ್ಯಾಲಿಂದ ಆರ್ಡರ್ ಬಂದೈತ್ರಿ."

"ಯಾಕವ್ವಾ? ನಡದೈತಲ್ಲ ಅದು?"

"ನಡದೈತ್ರಿ, ಆದ್ರ ಬಳಸೋರಿಲ್ಲ. ತಿಂಗಳಿಗೆ ಇಪ್ಪತ್ತು ಬ್ಯಾರೆ ಬ್ಯಾರೆ ನಂಬರಿನಿಂದ ಲಾಗಿನ್ ಆಗಬೇಕಂತ ರೂಲ್ಸ್ ಐತಿ. ಅಲ್ಲಿ ನಾಕು ತಿಂಗಳಿಂದ ಒಂದs ನಂಬರು. ಒಬ್ಬರ ಸಲುವಾಗಿ ಡಬ್ಬಿ ಇಡಾಂಗಿಲ್ಲ ಅಂತಾರ. ನಾಡ್ದು ಮೂವತ್ತೊಂದು, ಸಂಜೀ ಆರಕ್ಕ ಲೆಕ್ಕ ಬಂದ್. ಆಮ್ಯಾಲೆ ಇಳಿಸಿ ಸಿಟಿ ಬಸ್‌ಸ್ಟ್ಯಾಂಡಿಗೆ ಹಾಕ್ರಿ ಅಂತ."

ಬಸ್‌ಸ್ಟ್ಯಾಂಡಿನ್ಯಾಗ ಆಗಲೇ ಎಲ್ಲಾರ ಫೋನಿಗೂ ನೆಟ್ ತುಂಬಿ ಚೆಲ್ಲತೈತಿ. ಶಿವಶರಣಪ್ಪಗ ಸಿಟ್ಟು ಬಂತು, ಆದ್ರ ಸಿಟ್ಟು ಮಾಡಾಕೂ ಶಕ್ತಿ ಬೇಕಲ್ಲ. ಆ ವಸ್ತಿ ಇರೋದು ತಗ್ಗಿನ್ಯಾಗ. ಇಪ್ಪತ್ತಾರು ಮನಿ, ಒಂದು ಅಂಗನವಾಡಿ. ಯಾವ ಕಂಪನಿಯ ಫೋನೂ ಅಲ್ಲಿ ಹತ್ತಂಗಿಲ್ಲ. ಅಲ್ಲೇ ಮೊದಲು ಡಬ್ಬಿ ಬೇಕ್ರಿ ಅಂತ ಸಾಹೇಬರ ಮುಂದ ಕೈ ಮುಗದಾಂವ ಇವನ. ಅವನ ಇಡೀ ನೌಕರ್ಯಾಗ ಅವ ಬಾಯಿ ಬಿಟ್ಟು ಕೇಳಿದ್ದು ಅದೊಂದ.

ಮರುದಿನ ಹೋದ. ಏಣೀನೂ ಕಟ್ಟಿಕೊಂಡs ಹೋದ, ಎರಡು ಸಲ ಯಾರು ಅಲೀತಾರ ಅಂತ. ಹೋಗಿ ನೋಡ್ತಾನ, ಅಂಗನವಾಡಿ ಮುಂದಿನ ಬೇವಿನ ಗಿಡದ ಕೆಳಗ ಸಂತಿ ಕೂಡಿಧಂಗ ಹೆಂಗಸರು ಕುಂತಾರ! ಎಲ್ಲಾರ ಕೈಯಾಗೂ ಫೋನು. ಒಬ್ಬಾಕಿ ಕುಂಟೋ ಮರಿಯೊಂದನ್ನ ಫೋನಿನ ಮುಂದ ಹಿಡದು ತಿಕೋಟಾದ ದನದ ಡಾಕ್ಟರ್‌ಗೆ ಕಾಲು ತೋರಸಾಕತ್ಯಾಳ. ಒಬ್ಬಾಕಿ ಗಂಡನ ಕೂಡ ಜಗಳಾಡಾಕತ್ಯಾಳ. ನಡುವ ಬೋರಲು ಹಾಕಿದ ಬುಟ್ಟಿ, ಅದರ ಮ್ಯಾಲೆ ಒಂದು ಫೋನು, ಅದರ ಮಗ್ಗಲಿಗೆ ಅಂಗನವಾಡಿ ಆಯಾ ಚಂದ್ರಕಲಾ, ಗುಡ್ಯಾಗ ಪೂಜಾರಿ ಕುಂತಾಂಗ ಕುಂತಾಳ.

"ಇಷ್ಟು ಮಂದಿ ಇದ್ದೀರಿ, ಆಫೀಸಿನ್ಯಾಗ ಒಬ್ರs ಅಂತ ತೋರಸ್ತೈತಲ್ಲ?" ಅಂದ ಶಿವಶರಣಪ್ಪ.

"ಹೌದ್ರಿ ಕಾಕಾ, ಒಬ್ರs." ಚಂದ್ರಕಲಾ ಹೆಮ್ಮೀಲೇ ಅಂದ್ಳು. "ನಾನs ತಗೋತೇನಿ, ನನ್ನ ಫೋನಿನಿಂದ ಎಲ್ಲಾರಿಗೂ ಹಂಚತೇನಿ. ಸರಕಾರದ ಡಬ್ಬಿಗಿ ಇಪ್ಪತ್ತಾರು ಮನಿಯವ್ರು ಯಾಕ ತ್ರಾಸ ಕೊಡಬೇಕ್ರಿ?"

ಶಿವಶರಣಪ್ಪ ಹಣಿ ಹಣಿ ಬಡಕೊಂಡ. ನಗಬೇಕೋ ಅಳಬೇಕೋ ತಿಳೀಲಿಲ್ಲ ಅವಗ.

ಅವರದೂ ತಪ್ಪಂತ ಹೆಂಗ ಅನ್ನೋದು ಹೇಳ್ರಿ. ಡಬ್ಬಿಗಿ ಲಾಗಿನ್ ಆಗಬೇಕಂದ್ರ ಫೋನಿಗೆ ಓಟಿಪಿ ಬರಬೇಕು. ಓಟಿಪಿ ಬರಬೇಕಂದ್ರ ಸಿಗ್ನಲ್ ಬೇಕು. ಸಿಗ್ನಲ್ ಇದ್ದಿದ್ರ ಆ ಡಬ್ಬಿ ಯಾಕ ಬೇಕಿತ್ತು? ಇದನ್ನ ಮಾಡಿಟ್ಟ ಶ್ಯಾಣ್ಯಾಗ ಒಮ್ಮೆ ಈ ವಸ್ತ್ಯಾಗ ತಂದು ಕೂಡಸಬೇಕು. ಊರ ಹಿಂದಿನ ದಿಬ್ಬದ ಮ್ಯಾಲೆ ಅಷ್ಟs ಸಿಗ್ನಲ್ ಸಿಗತೈತಿ, ಅದೂ ಮೆಸೇಜ್ ಬರೋವಷ್ಟು, ಮಾತಾಡಾಕ ಆಗಂಗಿಲ್ಲ. ಅದಕ್ಕ ದಿನಾ ಮುಂಜಾನೆ ಚಂದ್ರಕಲಾನ ಸಿಮ್ ಇರೋ ಸಣ್ಣ ಫೋನ್ ಹಿಡಕೊಂಡು ನಿರ್ಮಲಾ ಅನ್ನಾಕಿ ದಿಬ್ಬ ಹತ್ತತಾಳ. ಕೆಳಗ ಚಂದ್ರಕಲಾ ದೊಡ್ಡ ಫೋನಿನ್ಯಾಗ ನಂಬರ್ ಒತ್ತತಾಳ. ಮ್ಯಾಲೆ ಓಟಿಪಿ ಬಂದ ಕೂಡಲೇ ನಿರ್ಮಲಾ, "ಎರಡು! ಸೊನ್ನಿ! ಏಳು!" ಅಂತ ಒದರತಾಳ, ಕೆಳಗ ಈಕಿ ಒತ್ತತಾಳ. ಹಿಂಗ ಇಪ್ಪತ್ತಾರು ಮನಿಯವ್ರೂ ದಿಬ್ಬ ಹತ್ತಿ ಒದರಿದ್ರ ರೊಟ್ಟಿ ಬಡಿಯೋರ್ಯಾರು? ಒಂದು ಮನ್ಯಾಗ ಒಲಿ ಹತ್ತಿದ್ರ ಉಳಿದವ್ರು ಕೆಂಡ ಒಯ್ಯೂದು ಆ ವಸ್ತಿ ಪದ್ಧತಿ. ಇದನ್ನೂ ಹಂಗ ಮಾಡ್ಯಾರ.

ನಾಳೆ ಸಂಜೀಕ ಇಪ್ಪತ್ತು ನಂಬರು ಆಗಲಿಲ್ಲಂದ್ರ ಡಬ್ಬಿ ಇಳಸ್ತಾರ ಅಂತ ಅವ ಹೇಳಿದ. ಗಂಡನ ಕೂಡ ಜಗಳಾಡಾಕತ್ತಿದ್ದಾಕಿ ಫೋನ್ ಇಟ್ಳು.

ಎಲ್ಲಾರಿಗಿಂತ ಹಿರ್ಯಾಕಿ ಭೀಮಾಬಾಯಿ ಫೋನ್ ಉಡ್ಯಾಗ ಇಟ್ಟುಕೊಂಡು ಅಂದ್ಳು, "ಯಪ್ಪಾ, ನಮ್ಮ ಗಂಡಸರು ಸುಗ್ಗಿ ಮುಗಿದ ಮ್ಯಾಲೆ ಕುರಿ ಹೊಡಕೊಂಡು ಹೋಗ್ತಾರ. ಇವತ್ತೊಬ್ಬರ ಹೊಲದಾಗ ಕುರಿ ನಿಲ್ಲಸ್ತಾರ ಗೊಬ್ಬರಕ್ಕ, ನಾಳೆ ಇನ್ನೊಬ್ಬರ ಹೊಲ. ಮಳಿಗಾಲಕ್ಕ ಹೊಳ್ಳಿ ಬರೋದು. ಹೋದ ವರ್ಷ ಈ ನಿರ್ಮಲಾನ ಅತ್ತಿ ಸತ್ತಳು. ಮಗನ್ನ ಹುಡುಕಾಕ ಹೋದಾವ ಹೊಲಾ ಹೊಲಾ ತಿರುಗಿ ಮೂರನೇ ದಿನಕ್ಕ ಅವರ ಕುರಿಹಟ್ಟಿ ಹುಡುಕಿ ತೆಗೆದ. ಮಗಾ ಬಂದು ನೋಡಿದ್ದು ಬರೇ ಮಣ್ಣು. ಈಗ ನಾ ದಿನಾ ನಮ್ಮ ಮನಿಯವ್ರ ದನಿ ಕೇಳ್ತೇನಿ. ಇದನ್ನ ಇಳಸಬ್ಯಾಡೋ ಯಪ್ಪಾ."

ನಿರ್ಮಲಾ ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಾಗ ತಿರುಗಿದ್ಳು. ಶಿವಶರಣಪ್ಪ ಏಣಿ ಬಿಚ್ಚಲಿಲ್ಲ.

ಎಣಿಸಿದ್ರು. ವಸ್ತ್ಯಾಗ ಫೋನುಗಳೇನೋ ಸಾಕಷ್ಟಿದ್ದುವು, ಸಿಮ್ ಇದ್ದಾವು ಕಡಿಮಿ. ಹೆಂಗಸರ ಹತ್ರ ಹನ್ನೊಂದು, ಕುರಿ ಹಿಂದ ಹೋದ ಗಂಡಸರ ಹತ್ರ ಒಂಬತ್ತು. ಬರೋಬ್ಬರಿ ಇಪ್ಪತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ಆ ದಿನ ಪೂರ್ತಿ ದಿಬ್ಬದ ಮ್ಯಾಲಿಂದ ಓಟಿಪಿ ಒದರೋದಾತು. ಒಂದು ಬರತಿತ್ತು, ಇನ್ನೊಂದು ಅರ್ಧ ತಾಸು ಕಾಯಸತಿತ್ತು. ನಿರ್ಮಲಾನ ದನಿ ಬಿದ್ದು ಹೋದ ಮ್ಯಾಲೆ ಶಿವಶರಣಪ್ಪ ತಾನs ದಿಬ್ಬ ಹತ್ತಿದ. ಮೊಣಕಾಲು ಕಟ ಕಟ ಅನ್ನೋದು ಕೆಳಗಿನ ಮಂದಿಗೂ ಕೇಳತಿತ್ತು ಅಂತ ಚಂದ್ರಕಲಾ ನಕ್ಕೋತ ಅಂದ್ಳು. ಹೊತ್ತು ಮುಳುಗೂದ್ರಾಗ ಹನ್ನೊಂದಾದುವು.

ಉಳಿದ ಒಂಬತ್ತು ನಂಬರಿನ ಸಲುವಾಗಿ ಚಂದ್ರಕಲಾ ತನ್ನ ಗಂಡ ಮಾಳುಗ ವೈಫೈ ಮ್ಯಾಲಿಂದ ಫೋನ್ ಮಾಡಿದ್ಳು. ಹಟ್ಟಿ ಆಗ ಬಬಲೇಶ್ವರ ಹತ್ರ ಜೈನಾಪುರದಾಗಿತ್ತು, ಅಲ್ಲಿ ಸಿಗ್ನಲ್‌ಗೇನು ಬರ ಇಲ್ಲ. ಈಕಿ ಓಟಿಪಿ ಅಂದದ್ದs ತಡ, ಮಾಳು ದನಿ ಸಣ್ಣ ಮಾಡಿದ. "ಲೇ, ಹುಚ್ಚೇನ ನಿನಗ? ಮಾವ ಕೇಳಿದ್ರ ಕೊಲ್ತಾನ!" ಅಂತ ಫೋನ್ ಇಟ್ಟುಬಿಟ್ಟ.

ಮಾವ ಅಂದ್ರ ಭೀಮಾಬಾಯಿ ಗಂಡ ಯಲಗೂರಪ್ಪ, ಹಟ್ಟಿಗೆಲ್ಲ ಹಿರಿಯಾ. ಹೋದ ವರ್ಷ ಯಾವನೋ ಬ್ಯಾಂಕಿನಾಂವ ಅಂತ ಫೋನ್ ಮಾಡಿ ಓಟಿಪಿ ಕೇಳಿದ, ಇವ ಹೇಳಿದ, ಟಗರು ಮಾರಿದ್ದೆಲ್ಲ ಹೋತು. ಆವತ್ತಿನಿಂದ ಹಟ್ಟ್ಯಾಗ ಒಂದು ಕಟ್ಟಪ್ಪಣೆ: ಫೋನಿಗೆ ಬಂದ ಅಂಕಿ ಹೆತ್ತ ತಾಯಿಗೂ ಹೇಳಬಾರದು.

"ನಾನs ಹೋಗಿ ತಿಳಿಸಿ ಹೇಳ್ತೇನಿ ಬಿಡ್ರಿ" ಅಂದ ಶಿವಶರಣಪ್ಪ. ಅಂದ ಮ್ಯಾಲೆ, ಯಾಕರ ಅಂದೆನೋ ಅಂತ ದಾರಿಗುಂಟ ಹಳಹಳಿಸಿದ.

"ಕಂಪನಿ ಅಂದ್ರ ನಿಮಗೇನು ಬೀಗರ ಮನಿಯೇನ್ರಿ?" ಅಂತ ನೀಲಾಬಾಯಿ ಮರುದಿನ ಮುಂಜಾನೆ ರೊಟ್ಟಿ ಕಟ್ಟಿಕೊಡೋವಾಗ ಕೇಳಿದ್ಳು. "ಒಂದು ಡಬ್ಬಿ ಹೋದ್ರ ಹೋಗ್ಲಿ. ಮುಖಾ ನೋಡಿಕೊಳ್ರಿ ಕನ್ನಡ್ಯಾಗ, ಹೆಂಗಾಗೇತಿ." ಅವ ಕನ್ನಡಿ ನೋಡಲಿಲ್ಲ.

ಜೈನಾಪುರದಾಗ ಹಟ್ಟಿ ಹುಡುಕೋದ್ರಾಗ ಮಧ್ಯಾಹ್ನ ಆತು. ಕಬ್ಬು ಕಡದ ಹೊಲ, ಸುತ್ತ ಕಟ್ಟಿದ ದಾರದ ಬಲಿ, ಒಳಗ ಮರಿಗಳು, ಜಾಲಿ ಗಿಡದ ಕೆಳಗ ಕಂಬಳಿ ಹೊತ್ತ ಏಳೆಂಟು ಮಂದಿ. ಶಿವಶರಣಪ್ಪ ದಣಿದಿದ್ದ, ಬಾಯಿ ಒಣಗಿತ್ತು. ನಮಸ್ಕಾರನೂ ಅರ್ಧಕ್ಕ ಬಿಟ್ಟು ಸೀದಾ ಅಂದುಬಿಟ್ಟ, "ನಿಮ್ಮ ಫೋನಿಗೆ ಒಂದು ಓಟಿಪಿ ಬರತೈತ್ರಿ, ಅದನ್ನಷ್ಟು ನನಗ ಹೇಳ್ರಿ."

ಅಷ್ಟs ಸಾಕಾತು. ಎಲ್ಲಾರೂ ಎದ್ದು ನಿಂತ್ರು. ಒಬ್ಬಾವ ಬೈಕಿನ ಕೀಲಿ ಕಸಕೊಂಡ. ಒಬ್ಬಾವ ಕೊಳ್ಳಾಗಿನ ಕಾರ್ಡ್ ಹಿಡಿದು ಜಗ್ಗಿ, "ಇಂಥಾ ಕಾರ್ಡ್ ಹಾಕ್ಕೊಂಡs ಬರ್ತಾರ್ರಿ ಇವ್ರು, ನಾ ವಿಡಿಯೋದಾಗ ನೋಡೇನಿ" ಅಂದ. ಬಿಳಿ ಮೀಸಿ ಯಲಗೂರಪ್ಪ ಬಡಿಗಿ ಊರಿಕೊಂಡು ಬಂದು, ಅಡಿಯಿಂದ ಮುಡಿತನಕ ನೋಡಿ ಅಂದ, "ಫೋನಿನ್ಯಾಗ ಕೇಳತಿದ್ರಿ. ಈಗ ಹಟ್ಟಿಗೇ ಬರಾಕ ಧೈರ್ಯ ಬಂತೇನು ಮಕ್ಕಳಿಗೆ? ಕೂಡಸ್ರಿ ಇವನ್ನ ಅಲ್ಲೇ." ಜಾಲಿ ಗಿಡದ ಬುಡಕ್ಕ ಕೂಡಿಸಿ ಮುಂದ ಒಂದು ನಾಯಿ ಬಿಟ್ರು. ಶಿವಶರಣಪ್ಪ ವೈಫೈ ಅಂದ, ಡಬ್ಬಿ ಅಂದ, ವಸ್ತಿ ಅಂದ. ಅವ ಬಾಯಿ ತೆಗೆದಾಗೊಮ್ಮೆ ನಾಯಿ ಗುರ್ ಅಂತಿತ್ತು. ಕಡೀಕ ಗಿಡಕ್ಕ ಬೆನ್ನು ಹಚ್ಚಿ ಕುಂತ. ಖರೇ ಹೇಳ್ಬೇಕಂದ್ರ, ಆ ನೆರಳಾಗ ಸುಮ್ಮನ ಕೂಡೋದು ಅವಗ ಒಂದು ಥರಾ ಆರಾಮs ಅನಿಸಿತು. ಮೂವತ್ತು ವರ್ಷದಾಗ ಕೆಲಸದ ಹೊತ್ತಿನ್ಯಾಗ ಹಿಂಗ ಕುಂತದ್ದು ಅವಗ ನೆನಪಿರಲಿಲ್ಲ.

ಕುರಿಗೆ ನೀರು ಕುಡಸಾಕ ಹೋಗಿದ್ದ ಮಾಳು ಬರೋದ್ರಾಗ ನಾಕೂವರಿ. ಬಂದಾವ ಹೇಣ್ತಿಗೆ ವಿಡಿಯೋ ಫೋನ್ ಹಚ್ಚಿ, "ಇವನ್ನ ಬಲ್ಲ್ಯೇನು?" ಅಂತ ಫೋನು ಶಿವಶರಣಪ್ಪನ ಮುಖಕ್ಕ ಹಿಡದ.

"ಅಯ್ಯ ನಿಮ್ಮ ಬಾಯಾಗ ಮಣ್ಣ್ ಬೀಳ್ಲಿ!" ಚಂದ್ರಕಲಾನ ದನಿಗೆ ನಾಯೀನೂ ಹಿಂದ ಸರೀತು. "ಡಬ್ಬಿ ಕಾಕಾ ಅವ್ರು! ಅವ್ರ ಮುಂದ ನಾಯಿ ಬಿಟ್ಟೀರಲ್ಲೋ, ನಾಚಿಕಿ ಬರಂಗಿಲ್ಲೇನು ನಿಮಗ? ಮೊದಲು ನೀರು ಕೊಡ್ರಿ ಅವ್ರಿಗೆ!"

ನೀರು ಬಂತು, ಕೀಲಿ ಬಂತು. ಆಮ್ಯಾಲೆ ಒಬ್ಬೊಬ್ಬರದs ನಂಬರು ವಸ್ತ್ಯಾಗ ಚಂದ್ರಕಲಾ ಒತ್ತಿದ್ಳು, ಇಲ್ಲಿ ಓಟಿಪಿ ಬಂದುವು, ಶಿವಶರಣಪ್ಪ ಕನ್ನಡಕ ಏರಿಸಿಕೊಂಡು ಓದಿ ಹೇಳಿದ. ಐದೂ ಇಪ್ಪತ್ತಕ್ಕ ಎಂಟು ಮುಗದುವು. ಒಟ್ಟು ಹತ್ತೊಂಬತ್ತು. ಉಳಿದದ್ದು ಒಂದs, ಯಲಗೂರಪ್ಪನದು.

ಯಲಗೂರಪ್ಪ ಫೋನನ್ನ ಅಂಗಿ ಒಳಗಿನ ಕಿಸೇಕ ಹಾಕಿ ಕಂಬಳಿ ಬಿಗಿ ಹೊತ್ತುಕೊಂಡು ಕುಂತ.

"ನೀ ಒಳ್ಳ್ಯಾವ ಇದ್ದಿ, ಇಲ್ಲನ್ನಾಂಗಿಲ್ಲ. ಆದ್ರ ನಾ ಹೇಳಂಗಿಲ್ಲ."

"ಯಜಮಾನ್ರ, ಇದು ಬ್ಯಾಂಕಿಂದಲ್ರಿ. ನಿಮ್ಮ ಒಂದು ರೂಪಾಯಿನೂ ಹೋಗಾಂಗಿಲ್ಲ."

"ಅವನೂ ಹಿಂಗs ಅಂದಿದ್ದ. ಇಷ್ಟs ಮೆತ್ತಗ ಅಂದಿದ್ದ." ಮುದುಕ ಬಡಿಗೀಲೇ ನೆಲಾ ಕೆದರಿದ. "ರೊಕ್ಕ ಹೋದ್ರ ಹೋಗ್ಲಿ. ಇಷ್ಟು ಮಂದಿ ಹುಡುಗರ ಮುಂದ ನಾ ಹುಚ್ಚ ಆದ್ನಲ್ಲೋ ತಮ್ಮಾ. ಮತ್ತೊಮ್ಮೆ ಆಗಂಗಿಲ್ಲ."

ಐದೂವರಿ ಆತು. ಶಿವಶರಣಪ್ಪಗ ಒಮ್ಮೆಲೆ ಸಿಟ್ಟು ಬಂತು. ದಣದ ಮನುಷ್ಯಾನ ಸಿಟ್ಟು, ಕಣ್ಣಾಗ ನೀರೂ ಬರತಾವ ಅದಕ್ಕ. "ನನಗೇನ್ರಿ ಬರೋದೈತಿ ಇದರಾಗ?" ಅಂತ ಒದರಿದ. "ಡಬ್ಬಿ ಇಳಿಸಿ ಬಿಸಾಕಿ ನಿನ್ನೇನs ಮನ್ಯಾಗ ಮಕ್ಕೊತಿದ್ನಿ! ನಿಮ್ಮ ಹೆಣ್ಮಕ್ಕಳು ಅಳ್ತಾರಂತ ಬಂದೇನಿ. ನನ್ನ ಕಾಲು ನೋಡ್ರಿ, ಹೆಂಗ ಬಾತಾವ!" ಅಂತ ಪ್ಯಾಂಟ್ ಮ್ಯಾಲೆತ್ತಿ ಮೊಣಕಾಲು ತೋರಿಸಿದ. ಎಲ್ಲಾರೂ ಮೊಣಕಾಲು ನೋಡಿದ್ರು. ಯಲಗೂರಪ್ಪನೂ ನೋಡಿದ, ಆದ್ರ ಕಿಸೇಕ ಕೈ ಹಾಕಲಿಲ್ಲ.

ಮಾಳುನ ಫೋನಿನ್ಯಾಗ ಆಗ ಭೀಮಾಬಾಯಿ ದನಿ ಬಂತು. ಚಂದ್ರಕಲಾ ಆಕಿ ಕೈಗೆ ಕೊಟ್ಟಿದ್ಳು.

"ಏನಂತೀರಿ? ಕೊಡಂಗಿಲ್ಲಂತೀರಂತ?"

ಯಲಗೂರಪ್ಪ ಕಂಬಳಿ ಇನ್ನಷ್ಟು ಬಿಗಿ ಮಾಡಿಕೊಂಡ.

"ಬ್ಯಾಡ ಬಿಡ್ರಿ. ಜುಲುಮಿ ಇಲ್ಲ. ನಿಮಗ ಹೋದ ತಿಂಗಳು ಥಂಡಿ ಜ್ವರ ಬಂದಾಗ ನಾ ಇಲ್ಲಿಂದ ಕಷಾಯ ಹೆಂಗ ಮಾಡ್ಬೇಕಂತ ಹೇಳಿದ್ದೆ. ನಾಳಿಂದ ಹೇಳಾಕಾಗಂಗಿಲ್ಲ. ನಾ ಸತ್ರೂ ನಿಮಗ ಮೂರು ದಿನಕ್ಕ ಗೊತ್ತಾಗತೈತಿ, ನೀವು ಸತ್ರೂ ನನಗ ಹಂಗ. ಮೊದಲೂ ಹಂಗs ಇದ್ದೆವಲ್ಲ."

ಮುದುಕ ಎದ್ದ. ಮಾಳುನ ಕೈಯಿಂದ ಫೋನ್ ಕಸಕೊಂಡ. ತನ್ನ ಸಣ್ಣ ಫೋನ್ ಹೊರಗ ತೆಗೆದ, ಅದಕ್ಕ ಓಟಿಪಿ ಬಂದು ಕುಂತಿತ್ತು. ಶಿವಶರಣಪ್ಪ ಕನ್ನಡಕ ಏರಿಸಿ ಹತ್ರ ಬಂದ್ರ, ಬಡಿಗಿ ಅಡ್ಡ ಹಿಡಿದ.

"ನಿನಗ ಹೇಳಂಗಿಲ್ಲ. ಯಾರಿಗೂ ಹೇಳಂಗಿಲ್ಲ. ನನ್ನ ಹೇಣ್ತಿಗೆ ಅಷ್ಟs ಹೇಳ್ತೇನಿ."

ಅಂದಾವ ಬಲಿ ದಾಟಿ ಹೊಲದ ಆ ಕಡೆ ಬದುವಿಗೆ ಹೋಗಿ, ಎಲ್ಲಾರಿಗೂ ಬೆನ್ನು ಮಾಡಿ ನಿಂತ. ಯಲಗೂರಪ್ಪಗ ಅಕ್ಷರ ಬರಂಗಿಲ್ಲ, ಅಂಕಿ ಬರತಾವ, ಕುರಿ ಎಣಿಸಿ ಎಣಿಸಿ ಕಲ್ತಾವು. ಲಗ್ನದಾಗ ಹೇಣ್ತಿ ಹೆಸರು ಕಿವ್ಯಾಗ ಹೇಳಿಧಂಗ, ಒಂದೊಂದs ಅಂಕಿ ಸಣ್ಣ ದನೀಲೇ ಫೋನಿಗೆ ಹೇಳಿದ. ಅತ್ತಾಗ ಭೀಮಾಬಾಯಿ ಅದನ್ನ ಇಡೀ ವಸ್ತಿಗೆ ಕೇಳೋ ಹಂಗ ಒದರಿ ಒದರಿ ಚಂದ್ರಕಲಾಗ ಹೇಳಿದ್ಳು. ಫೋನಿನಿಂದ ಹಾರಿ ಬಂದ ಆಕಿ ದನಿ ಬದುವಿನ ಈ ಕಡೆ ನಿಂತವ್ರಿಗೂ ಕೇಳಿತು. ಯಾರೂ ನಗಲಿಲ್ಲ.

ಐದೂ ನಲವತ್ತೆಂಟಕ್ಕ ಇಪ್ಪತ್ತಾತು.

ಶಿವಶರಣಪ್ಪ ಅಲ್ಲೇ ನೆಲಕ್ಕ ಕುಂತ. ಹುಡುಗರು ಒಲಿ ಹೂಡಿ ರೊಟ್ಟಿ ಬಿಸಿ ಮಾಡಾಕ ಹತ್ತಿದ್ರು, ಒಬ್ಬಾವ ಆಗಷ್ಟೇ ಕರದ ಹಾಲು ಕಾಸಿದ. ಯಲಗೂರಪ್ಪ ಬದುವಿನ ಮ್ಯಾಲಿಂದ ಇನ್ನೂ ಬಂದಿರಲಿಲ್ಲ. ಅಂಕಿ ಮುಗದಿದ್ವು, ಮಾತು ಮುಗದಿರಲಿಲ್ಲ. ಯಾವುದೋ ಕುರಿ ಅವಳಿ ಮರಿ ಹಾಕಿದ ಸುದ್ದಿ ಹೇಳಾಕತ್ತಿದ್ದ. ಒಂದು ಕರೇದು, ಒಂದು ಬೆಳ್ಳಗ, ಕಾಲಷ್ಟs ಕರಿ ಅಂತ.

ಆರು ಹೊಡದು ಹತ್ತು ನಿಮಿಷಕ್ಕ ಕೈನಾತ ಫೋನ್ ಮಾಡಿದ್ಳು. ಆಕಿ ದನ್ಯಾಗ ಖುಷಿ ಇತ್ತು. "ಕಾಕಾ, ಏನು ಮಾಡಿದ್ರಿ ನೀವು! ಇಪ್ಪತ್ತು ತೋರಸಾಕತ್ತೈತಿ. ಡಬ್ಬಿ ಉಳೀತ್ರಿ." ಆಮ್ಯಾಲೆ ಆ ಖುಷಿ ಇಳೀತು. "ಆದ್ರ ಕಾಕಾ... ಈಗಷ್ಟೇ ಹೊಸಾ ಸರ್ಕ್ಯುಲರ್ ಬಂದೈತಿ. ಮುಂದಿನ ತಿಂಗಳಿಂದ ಇಪ್ಪತ್ತಲ್ಲಂತ, ನಲವತ್ತು. ಎಲ್ಲಾ ಡಬ್ಬಿಗೂ."

"ಇಡೀ ವಸ್ತ್ಯಾಗ ಇರೋದs ಇಪ್ಪತ್ತು ಸಿಮ್ ಅವ್ವಾ" ಅಂದ ಅವ, ಯಾರಿಗೂ ಕೇಳಬಾರದಂತ ಮೆತ್ತಗ. "ಒಂದ ನಂಬರಿನ್ಯಾಗ ಇಪ್ಪತ್ತಾರು ಮನಿ ನಡೀತಾವ. ಅದನ್ನ ಬರಕೊಳ್ಳಾಕ ನಿಮ್ಮ ಕಂಪ್ಯೂಟರಿನ್ಯಾಗ ಜಾಗಾ ಇಲ್ಲೇನು?"

"ಇಲ್ರಿ ಕಾಕಾ. ನಾನೂ ಹೇಳಿ ಹೇಳಿ ಸಾಕಾಗೇನಿ."

ಅವ ಫೋನ್ ಕಿಸೇಕ ಹಾಕ್ಕೊಂಡ. ಯಲಗೂರಪ್ಪ ಬದುವಿನಿಂದ ಈ ಕಡೆ ತಿರುಗಿ, ಮಾಳುನ ಫೋನ್ ಕಿವಿಗೆ ಇಟ್ಟುಕೊಂಡs ಕೇಳಿದ, "ಏನಂತ್ರಿ ಆಫೀಸಿನವ್ರು? ಉಳೀತಾ?"

ಹುಡುಗರು ರೊಟ್ಟಿ ಬಿಟ್ಟು ಅವನ ಮುಖ ನೋಡಿದ್ರು.

"ಉಳೀತ್ರಿ" ಅಂದ ಶಿವಶರಣಪ್ಪ.

"ಉಳೀತಂತ ಬೇ!" ಅಂತ ಮುದುಕ ಫೋನಿಗೆ ಕೂಗಿದ. ಈ ಸಲ ದನಿ ಸಣ್ಣ ಮಾಡಲಿಲ್ಲ. "ನಾಳೆ ಇದs ಹೊತ್ತಿಗೆ ಕೂಡು, ಮರಿ ತೋರಸ್ತೇನಿ."

ತಾಟಿನ್ಯಾಗ ರೊಟ್ಟಿ ಬಂತು, ಮ್ಯಾಲೆ ಬಿಸಿ ಹಾಲು ಸುರವಿದ್ರು. ನೀಲಾಬಾಯಿ ಕಟ್ಟಿಕೊಟ್ಟದ್ದು ಬೈಕಿನ ಚೀಲದಾಗ ಹಂಗs ಇತ್ತು. ಫೆಬ್ರುವರಿಗೆ ಇಪ್ಪತ್ತೆಂಟೇ ದಿನ. ಇಪ್ಪತ್ತೊಂಬತ್ತನೇ ಮುಂಜಾನೆ ಅಂದ್ರ ಮಾರ್ಚ್ ಒಂದು, ಅವತ್ತು ಡಬ್ಬಿ ಇಳಸಾಕ ಏಣಿ ಕಟ್ಟಿಕೊಂಡು ಆ ವಸ್ತಿಗೆ ಹೋಗಬೇಕಾದಾವ ತಾನs ಅನ್ನೋದು ಶಿವಶರಣಪ್ಪಗ ಗೊತ್ತಿತ್ತು. "ಇನ್ನೊಂದು ಹಾಕಲೇನ್ರಿ ಕಾಕಾ?" ಅಂತ ಮಾಳು ಕೇಳಿದ. ಅವ ತಲಿ ಎತ್ತಲಿಲ್ಲ. "ಹಾಕಪ್ಪಾ" ಅಂತ ತಾಟು ಮುಂದ ಮಾಡಿದ.